ಏಳು ಸಲ ತುರ್ಭೆ

ನವಿ ಮುಂಬಯಿಯ ತುರ್ಭೆಯ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿದರೆ ಯುನಿಕೋಡ್‌ನ ಯುಟಿಎಫ್-8 ಲೆಕ್ಕದಲ್ಲಿ 18 ಬೈಟ್ ಆಗುತ್ತದೆ. 1977ರ ಅಟಾರಿ 2600 ಗೇಮ್ ಯಂತ್ರದ ಇಡೀ ರ‍್ಯಾಮ್ 128 ಬೈಟ್. ಏಳು ಸಲ ತುರ್ಭೆ ಎಂದು ಬರೆದರೆ ಉಳಿಯುವುದು ಎರಡು ಬೈಟ್, ಅದು ಒಂದು ‘ಅ’ಗೂ ಸಾಲದು. ಒಂದು ಚಿತ್ರವನ್ನು ಪೂರ್ತಿ ಹಿಡಿದಿಡಲೂ ಜಾಗವಿಲ್ಲದೆ, ಟಿವಿಯಲ್ಲಿ ಗೆರೆ ಮೂಡುತ್ತಿದ್ದ ಹಾಗೇ ಆಟ ತನ್ನ ಚಿತ್ರವನ್ನು ಒದಗಿಸುತ್ತಾ ಹೋಗುತ್ತಿತ್ತು. 2020ರ ಪ್ಲೇಸ್ಟೇಷನ್ 5ರಲ್ಲಿ 16 ಜಿಬಿ ಇದೆ. ಅಂದರೆ 13 ಕೋಟಿ 42 ಲಕ್ಷ ಅಟಾರಿಗಳ ಮೆಮೊರಿ!

ಇದಕ್ಕಿಂತ ದೊಡ್ಡ ಬೆರಗು ಇರುವುದು ಒಂದೇ ಗಾತ್ರದ ಎರಡು ಮೆಮೊರಿಗಳ ನಡುವೆ. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360 ಬಂದದ್ದು 2005ರಲ್ಲಿ, ಸೋನಿಯ ಪಿಎಸ್3 ಮರುವರ್ಷ. ಎರಡಕ್ಕೂ ಮುಖ್ಯ ರ‍್ಯಾಮ್ 512 ಎಂಬಿ. 360ರಲ್ಲಿ ಅಷ್ಟೂ ಒಂದೇ ರಾಶಿ, ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಬೇಕಾದಂತೆ ಹಂಚಿಕೊಳ್ಳಬಹುದು. ಪಿಎಸ್3ರಲ್ಲಿ ಸೆಲ್ ಪ್ರೊಸೆಸರಿಗೆ 256, ಗ್ರಾಫಿಕ್ಸಿಗೆ 256. ತುರ್ಭೆಯ ಎಪಿಎಂಸಿಯಲ್ಲೂ ಈರುಳ್ಳಿ-ಬಟಾಟೆ, ಹಣ್ಣು, ತರಕಾರಿ, ಮಸಾಲೆ, ದವಸ ಎಲ್ಲಕ್ಕೂ ಬೇರೆ ಬೇರೆ ಮಾರ್ಕೆಟ್. ಹಣ್ಣಿನ ಕಡೆ ಗಾಳಾ (ಮಳಿಗೆ) ಖಾಲಿ ಇದೆಯೆಂದು ಈರುಳ್ಳಿ ಲಾರಿ ಅಲ್ಲಿಗೆ ನುಗ್ಗುವಂತಿಲ್ಲ.

ವೇಗದ ಲೆಕ್ಕವಂತೂ ನಂಬಲಾಗದ್ದು. ಸೆಲ್ ತನ್ನ ಪಾಲಿನ ಮೆಮೊರಿಯನ್ನು ಸೆಕೆಂಡಿಗೆ 25.6 ಜಿಬಿಯಂತೆ ಓದಬಲ್ಲದು. 256 ಎಂಬಿ ಪೂರ್ತಿ ಓದಿ ಮುಗಿಸಲು ಸೆಕೆಂಡಿನ ನೂರನೇ ಒಂದು ಪಾಲು ಸಾಕು. ಅದೇ ಸೆಲ್ ಗ್ರಾಫಿಕ್ಸಿನ ಪಾಲಿಗೆ ನೇರ ಕೈಹಾಕಿದರೆ ಸೆಕೆಂಡಿಗೆ 16 ಎಂಬಿ. ಜಿಬಿ ಅಲ್ಲ, ಎಂಬಿ! 1600 ಪಟ್ಟು ನಿಧಾನ. ಅಷ್ಟೇ 256 ಎಂಬಿಗೆ 16 ಸೆಕೆಂಡು ಬೇಕು, ಸೆಕೆಂಡಿಗೆ 60 ಚಿತ್ರದ ಆಟದಲ್ಲಿ ಅಷ್ಟರೊಳಗೆ 960 ಚಿತ್ರ ದಾಟಿಹೋಗಿರುತ್ತವೆ. ಬಲ್ಲವರು ಸೆಲ್‌ಗೆ ಆ ಕೆಲಸ ಒಪ್ಪಿಸುತ್ತಲೇ ಇರಲಿಲ್ಲ. ಗ್ರಾಫಿಕ್ಸ್ ಚಿಪ್ಪಿನಿಂದಲೇ ಡೇಟಾ ಈಚೆಗೆ ಸಾಗಿಸಿಕೊಳ್ಳುತ್ತಿದ್ದರು. ಇಂಥ ಯಂತ್ರದಲ್ಲೂ ಅಷ್ಟು ಚೆಂದದ ಆಟಗಳನ್ನು ಕಟ್ಟಿದವರ ತಾಳ್ಮೆ ದೊಡ್ಡದು.

2013ರಲ್ಲಿ ಸೋನಿ ಈ ಪಾಲುಪಟ್ಟಿಯನ್ನೇ ಕೈಬಿಟ್ಟಿತು. ಪಿಎಸ್4ಗೆ ಒಂದೇ ರಾಶಿ 8 ಜಿಬಿ, ಸೆಕೆಂಡಿಗೆ 176 ಜಿಬಿ ವೇಗ. ಅದೇ ವರ್ಷದ ಎಕ್ಸ್‌ಬಾಕ್ಸ್ ಒನ್‌ಗೂ 8 ಜಿಬಿಯೇ, ವೇಗ ಮಾತ್ರ 68. ಆ ಕೊರತೆ ತುಂಬಲು ಚಿಪ್ಪಿನೊಳಗೆ 32 ಎಂಬಿಯ ಪುಟ್ಟ, ಚುರುಕಾದ ಮೆಮೊರಿ ಇಟ್ಟರು. 2020ರಲ್ಲಿ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನ 16 ಜಿಬಿಗೆ ಎರಡು ವೇಗ: 10 ಜಿಬಿಗೆ 560, ಮಿಕ್ಕ 6ಕ್ಕೆ 336. ಪಿಎಸ್5ರಲ್ಲಿ ಅಷ್ಟಕ್ಕೂ 448. ಸೆಕೆಂಡಿನ ಅರವತ್ತನೇ ಒಂದು ಪಾಲಿನಲ್ಲಿ, ಒಂದೇ ಒಂದು ಚಿತ್ರ ಮೂಡುವಷ್ಟರಲ್ಲಿ, ಅಲ್ಲಿ 7 ಜಿಬಿಗೂ ಮಿಕ್ಕಿ ಡೇಟಾ ಹರಿಯಬಲ್ಲದು. ಪಿಎಸ್3ರ ಎರಡೂ ಪಾಲು ಸೇರಿಸಿದರೆ ಆಗುವುದರ ಸುಮಾರು 14 ಪಟ್ಟು.