ಸಂಕಮ್ಮನ ಸಾಲು, ಕ್ಯಾಸೆಟ್ಟಿನ ಹಾಡು

ಕನ್ನಡದ ಜನಪದ ರಾಕ್ ಎಂದೊಡನೆ ಹಲವರ ಬಾಯಲ್ಲಿ ಬರುವುದು ರಘು ದೀಕ್ಷಿತ್ ಅವರ 2008ರ ಆಲ್ಬಂ. ಶಿಶುನಾಳ ಷರೀಫಜ್ಜನ ತತ್ವಪದಗಳಿಗೆ ಗಿಟಾರ್ ಜೊತೆಯಾದ ಆ ಆಲ್ಬಂ ಬಗ್ಗೆ ತಕರಾರಿಲ್ಲ. ಆದರೆ ಕೊಳ್ಳೇಗಾಲ, ಹನೂರು, ಯಳಂದೂರಿನ ಈ ಧನಗೆರೆ ಸೀಮೆಯಿಂದ ನೋಡಿದರೆ ನನ್ನ ಓಟು 1996ರ ‘ಜನುಮದ ಜೋಡಿ’ ಚಿತ್ರದ ಕ್ಯಾಸೆಟ್ಟಿಗೆ. ಅದೆಲ್ಲಿಯ ರಾಕ್ ಎಂದು ಮೂಗು ಮುರಿಯುವವರು ಮುರಿಯಲಿ. ಜನಪದದ ಧಾಟಿಯನ್ನು ಹೊಸ ವಾದ್ಯಗೋಷ್ಠಿಗೆ ಕೂಡಿಸಿ ಮನೆಮನೆಗೆ ಮುಟ್ಟಿಸುವ ಕೆಲಸವನ್ನು ಅದು ಮೊದಲೇ ಮಾಡಿತ್ತು.

ನಾಗಾಭರಣ ನಿರ್ದೇಶನದ ಆ ಚಿತ್ರಕ್ಕೆ ಕಥೆ ಬಂದದ್ದು ಪನ್ನಾಲಾಲ್ ಪಟೇಲರ ಗುಜರಾತಿ ಕಾದಂಬರಿಯಿಂದ. ಸಂಗೀತ ವಿ. ಮನೋಹರ್ ಅವರದು. ‘ಕೋಲುಮಂಡೆ ಜಂಗಮದೇವರು’ ಹಾಡಿದ ಎಲ್.ಎನ್. ಶಾಸ್ತ್ರಿಯವರಿಗೆ ರಾಜ್ಯ ಪ್ರಶಸ್ತಿ ಬಂತು. ಗುಜರಾತಿನ ಕಥೆಯೊಳಗೆ ನಮ್ಮ ಮಾದಪ್ಪ, ಮಲೆಯ ಮಹದೇಶ್ವರ, ಬಂದು ಕೂತ!

ಬೇರೆ ಕಡೆಯವರಿಗೆ ಕೋಲುಮಂಡೆ ಕುಣಿಯುವ ಹಾಡು. ಇಲ್ಲಿಯವರಿಗೆ ಮಾದಪ್ಪನ ಕಾವ್ಯದಲ್ಲಿ ಬರುವ ಸಂಕಮ್ಮನ ಸಾಲಿನ ಒಂದು ತುಣುಕು. ಜೇನಿಗೆಂದು ಕಾಡಿಗೆ ಹೊರಟ ನೀಲೇಗೌಡ ಹೆಂಡತಿಯನ್ನು ನಂಬದೆ ಬಲಗೈ ಭಾಷೆ ಕೇಳುತ್ತಾನೆ, ಸಂಕಮ್ಮ ಒಪ್ಪುವುದಿಲ್ಲ. ಅವನು ಕೊಟ್ಟ ಹಿಂಸೆಯನ್ನೆಲ್ಲ ತಾಳಿಕೊಂಡವಳ ಬಳಿಗೆ ಮಾದಪ್ಪ ಜಂಗಮನಾಗಿ ಬಂದು ಮಕ್ಕಳ ಫಲ ಕೊಡುತ್ತಾನೆ. ಹಾಡು ನಾಲ್ಕೈದು ನಿಮಿಷದಲ್ಲಿ ಮುಗಿದೀತು. ಆದರೆ ಮಾದಪ್ಪನ ಕಥೆ ಹಾಡುವ ದೇವರಗುಡ್ಡರು ಕಂಸಾಳೆ ಹಿಡಿದು ಕೂತರೆ ಇರುಳೇ ಸಾಲದು. ಮಿಕ್ಕ ಕಥೆ ಕೇಳುವವರ ನೆನಪಿನಲ್ಲಿ ಮೊದಲೇ ಇರುವುದರಿಂದ ಇಲ್ಲಿ ಆ ಹಾಡು ಹಳತಾಗಿಲ್ಲ.

ಇದಕ್ಕೆ ಸಾಕ್ಷಿ ಬೇಕಿದ್ದರೆ 2020ರ ಆಗಸ್ಟ್ ನೆನಪಿಸಿಕೊಳ್ಳಿ. ಅದೇ ಕೋಲುಮಂಡೆಯನ್ನು ಚಂದನ್ ಶೆಟ್ಟಿ ರ‍್ಯಾಪ್ ಮಾಡಿದರು. ವಿಡಿಯೊದಲ್ಲಿ ಸಂಕಮ್ಮನನ್ನು ತೋರಿಸಿದ ರೀತಿಗೆ ಮಾದಪ್ಪನ ಒಕ್ಕಲು ಸಿಟ್ಟಿಗೆದ್ದಿತು. ಗಾಯಕರು ಕ್ಷಮೆ ಕೇಳಿದರು, ವಿಡಿಯೊ ಹಿಂದೆ ಸರಿಯಿತು. ಸಂಪ್ರದಾಯಸ್ಥರು ಹೊಸ ಸಂಗೀತವನ್ನು ಸಹಿಸಲಿಲ್ಲ ಎಂದು ಅದನ್ನು ಓದುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಸಿನಿಮಾದ ವಾದ್ಯಗಳನ್ನು 1996ರಲ್ಲೇ ಒಪ್ಪಿಕೊಂಡವರು ತಾಳ ಬದಲಾದದ್ದಕ್ಕೇ ಬೀದಿಗೆ ಬರುತ್ತಿರಲಿಲ್ಲ. ಗಂಡನ ಅನುಮಾನಕ್ಕೆ ತಲೆಬಾಗದ ಶರಣೆಯ ಮೇಲೆ ಕ್ಯಾಮೆರಾ ಬೇರೆ ಬಗೆಯ ಕಣ್ಣು ಹಾಕಿತೆಂಬುದೇ ಅವರ ನೋವು.

ಶಾಸ್ತ್ರಿಯವರು 2017ರಲ್ಲಿ ತೀರಿಕೊಂಡರು. ದೀಪಾವಳಿ, ಶಿವರಾತ್ರಿ, ಯುಗಾದಿಗೆ ಮಾದಪ್ಪನ ಎಪ್ಪತ್ತೇಳು ಮಲೆ ಹತ್ತುವವರ ನಡುವೆ ಅವರ ದನಿ ಮೊಬೈಲಿನಲ್ಲಿ ಕೇಳಿದರೆ ಸುಮ್ಮನೆ ದಾಟಿಹೋಗಬೇಡಿ. ಪಕ್ಕದಲ್ಲಿ ಗುಡ್ಡರು ಸಿಕ್ಕರೆ, ಆಮೇಲೆ ಸಂಕಮ್ಮನಿಗೆ ಏನಾಯಿತು ಎಂದು ಕೇಳಿ.