ಅಟ್ಟದ ಮೇಲಿನ ಹಳೆಯ ಯಂತ್ರಗಳು

ಸಾಗರ ಸೀಮೆಯ ಹಳೆಯ ಮನೆಗಳಲ್ಲಿ ಅಟ್ಟಕ್ಕೆ ಒಂದು ವಿಶೇಷವಾದ ಸ್ಥಾನವುಂಟು. ಕೆಲಸಕ್ಕೆ ಬಾರದ, ಆದರೆ ಬಿಸಾಡಲು ಮನಸ್ಸೊಪ್ಪದ ವಸ್ತುಗಳೆಲ್ಲ ಅಲ್ಲಿಗೆ ಸೇರುತ್ತವೆ. ಎರಡು ಮೂರು ತಲೆಮಾರುಗಳ ಹಿಂದೆ ಅಲ್ಲಿರುತ್ತಿದ್ದವು ಬಿದಿರಿನ ಬುಟ್ಟಿ, ಹರಿದ ಚಾಪೆ, ತೂತು ಬಿದ್ದ ತಾಮ್ರದ ಹಂಡೆ. ಬುಟ್ಟಿ, ಚಾಪೆಗಳು ಕೊನೆಗೆ ಗೊಬ್ಬರದ ಗುಂಡಿಯನ್ನು ಸೇರಿ ಅಡಿಕೆಯ ತೋಟಕ್ಕೆ ಸಾರವಾಗುತ್ತಿದ್ದವು. ಹಂಡೆಯು ಕುಲುಮೆಯಲ್ಲಿ ಕರಗಿ ಮತ್ತೊಂದು ಪಾತ್ರೆಯಾಗುತ್ತಿತ್ತು. ಮಣ್ಣಿನಿಂದ ಬಂದುದು ಮಣ್ಣಿಗೆ, ಕುಲುಮೆಯಿಂದ ಬಂದುದು ಕುಲುಮೆಗೆ ಹಿಂದಿರುಗುತ್ತಿತ್ತು. ಇದಕ್ಕಾಗಿ ಯಾವ ಕಾನೂನೂ ಬೇಕಾಗಿರಲಿಲ್ಲ.

1948ರಲ್ಲಿ ಜೋಗದ ವಿದ್ಯುದಾಗಾರವು ಕೆಲಸವನ್ನು ಆರಂಭಿಸಿತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣಗೊಂಡಿತು. ಶರಾವತಿಯ ವಿದ್ಯುತ್ತು ನಾಡಿನ ಊರುಗಳನ್ನು ಬೆಳಗಿತು. ವಿದ್ಯುತ್ತಿನ ಹಿಂದೆಯೇ ಅದರಿಂದ ನಡೆಯುವ ಯಂತ್ರಗಳೂ ಒಂದೊಂದಾಗಿ ಮನೆಗಳನ್ನು ಹೊಕ್ಕವು. ಇಂದು ಅಟ್ಟವನ್ನು ಸೇರಿರುವುದು ದಪ್ಪ ಗಾಜಿನ ಟೆಲಿವಿಷನ್, ಸುಟ್ಟುಹೋದ ಮಿಕ್ಸರ್, ಬಳಕೆ ತಪ್ಪಿದ ಗಣಕಯಂತ್ರ ಮತ್ತು ಮೊಬೈಲ್ ದೂರವಾಣಿಗಳು. ಹೀಗೆ ಕೆಟ್ಟ ಅಥವಾ ಬೇಡವಾದ ವಿದ್ಯುತ್ ಮತ್ತು ವಿದ್ಯುನ್ಮಾನ ಉಪಕರಣಗಳಿಗೆ ಇ-ತ್ಯಾಜ್ಯವೆಂದು ಹೆಸರು. 2022ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 6.2 ಕೋಟಿ ಟನ್ ಇ-ತ್ಯಾಜ್ಯ ಉಂಟಾಯಿತೆಂದು ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವರದಿಯು ತಿಳಿಸುತ್ತದೆ. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಗೊಂಡು ಮರುಸಂಸ್ಕರಣೆಗೆ ಹೋದುದಕ್ಕೆ ಲೆಕ್ಕವಿರುವುದು ಶೇಕಡ 22.3ರಷ್ಟಕ್ಕೆ ಮಾತ್ರ.

ಈ ವಸ್ತುಗಳು ಹಳೆಯ ಬುಟ್ಟಿಯಂತೆ ಮಣ್ಣಾಗುವುದಿಲ್ಲ. ಹಳೆಯ ಟೆಲಿವಿಷನ್ನಿನ ಗಾಜಿನಲ್ಲಿ ಸೀಸ ಬೆರೆತಿರುತ್ತದೆ. ಹಳೆಯ ಉಪಕರಣಗಳ ಬೆಸುಗೆಯಲ್ಲಿಯೂ ಸೀಸವುಂಟು. ಕೊಳವೆ ದೀಪದ ಒಳಗೆ ಪಾದರಸದ ಆವಿಯಿದೆ. ಕೆಲವು ಬಗೆಯ ಬ್ಯಾಟರಿಗಳಲ್ಲಿ ಕ್ಯಾಡ್ಮಿಯಂ ಇದೆ. ಉಪಕರಣವು ಇಡಿಯಾಗಿರುವಾಗ ಇವುಗಳಿಂದ ಸಾಮಾನ್ಯವಾಗಿ ಅಪಾಯವಿಲ್ಲ. ಅದನ್ನು ಒಡೆದಾಗ, ಸುಟ್ಟಾಗ, ಆಮ್ಲದಲ್ಲಿ ಅದ್ದಿದಾಗ ವಿಷವು ಹೊರಬೀಳುತ್ತದೆ. ತಾಮ್ರದ ಆಸೆಗಾಗಿ ತಂತಿಗಳನ್ನು ಬಯಲಿನಲ್ಲಿ ಸುಡುವಾಗ ಅವುಗಳ ಪ್ಲಾಸ್ಟಿಕ್ ಹೊದಿಕೆಯಿಂದ ಡಯಾಕ್ಸಿನ್ ಎಂಬ ಘೋರವಾದ ವಿಷವಸ್ತುಗಳು ಹುಟ್ಟುತ್ತವೆ. ಸೀಸವು ಬೆಳೆಯುವ ಮಕ್ಕಳ ಮೆದುಳಿಗೆ ಹಾನಿ ಮಾಡುತ್ತದೆ. ಇಷ್ಟು ಪ್ರಮಾಣದ ಸೀಸ ದೇಹಕ್ಕೆ ಸೇರಿದರೂ ಕೇಡಿಲ್ಲ ಎಂದು ಹೇಳಬಹುದಾದ ಮಿತಿಯೇ ಇಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ.

ಸಾಗರದಂಥ ಊರಿನಲ್ಲಿ ಈ ಮಾತು ಇನ್ನಷ್ಟು ಗಂಭೀರವಾದುದು. ಈ ತಾಲ್ಲೂಕು ಎರಡು ದಿಕ್ಕಿಗೆ ನೀರನ್ನು ಹಂಚುವ ನೆಲ. ಶರಾವತಿಯು ಇಲ್ಲಿಂದ ಪಶ್ಚಿಮಕ್ಕೆ ಹರಿದು ಹೊನ್ನಾವರದ ಬಳಿ ಕಡಲನ್ನು ಸೇರುತ್ತದೆ. ವರದಾಮೂಲದಲ್ಲಿ ಹುಟ್ಟುವ ವರದೆಯು ಈಶಾನ್ಯಾಭಿಮುಖವಾಗಿ ಹರಿದು ಹಾವೇರಿ ಜಿಲ್ಲೆಯ ಗಳಗನಾಥದ ಬಳಿ ತುಂಗಭದ್ರೆಯೊಡನೆ ಕೂಡುತ್ತದೆ. ಮಲೆನಾಡಿನ ಮಳೆಯು ತಿಪ್ಪೆಯ ಮೇಲೆ ತಿಂಗಳುಗಟ್ಟಲೆ ಸುರಿಯುವಾಗ, ಒಡೆದ ಯಂತ್ರಗಳಿಂದ ಬಿಟ್ಟುಕೊಂಡ ವಿಷವು ನೀರಿನೊಡನೆ ಇಳಿದುಹೋಗುತ್ತದೆ. ಹಳ್ಳದ ಮೇಲ್ಭಾಗದಲ್ಲಿರುವವನು ಎಸೆದುದನ್ನು ಕೆಳಭಾಗದಲ್ಲಿರುವವನು ಕುಡಿಯಬೇಕಾಗುತ್ತದೆ.

ಈ ಕಾರಣದಿಂದಲೇ ಸರ್ಕಾರವು ಕಾನೂನನ್ನು ರಚಿಸಬೇಕಾಯಿತು. 1984ರ ಭೋಪಾಲ ದುರಂತದ ತರುವಾಯ 1986ರಲ್ಲಿ ಪರಿಸರ ಸಂರಕ್ಷಣಾ ಅಧಿನಿಯಮವು ಜಾರಿಗೆ ಬಂದಿತು. ಅದರ ಅಡಿಯಲ್ಲಿ ಇ-ತ್ಯಾಜ್ಯಕ್ಕೆಂದೇ 2011ರಲ್ಲಿ ಪ್ರಕಟವಾದ ಪ್ರತ್ಯೇಕ ನಿಯಮಗಳು 2012ರ ಮೇ 1ರಿಂದ ಜಾರಿಯಾದವು. 2016ರಲ್ಲಿ ಅವುಗಳ ಬದಲಿಗೆ ಹೊಸ ನಿಯಮಗಳು ಬಂದವು. ಅವುಗಳ ಸ್ಥಾನದಲ್ಲಿ 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ನಡೆಯುತ್ತಿವೆ. ಇವುಗಳ ವ್ಯಾಪ್ತಿಯಲ್ಲಿ ನೂರಕ್ಕೂ ಹೆಚ್ಚು ಬಗೆಯ ಉಪಕರಣಗಳಿವೆ.

ಈ ನಿಯಮಗಳ ತಿರುಳು ಸರಳವಾದುದು: ವಸ್ತುವನ್ನು ತಯಾರಿಸಿ ಮಾರಿದವನ ಹೊಣೆಯು ಮಾರಾಟದೊಡನೆ ಮುಗಿಯುವುದಿಲ್ಲ; ಆ ವಸ್ತುವಿನ ಆಯುಸ್ಸು ತೀರಿದ ಮೇಲೂ ಅದು ಅವನನ್ನು ಹಿಂಬಾಲಿಸುತ್ತದೆ. ಉತ್ಪಾದಕನು ಹಿಂದೆ ಮಾರಿದ ಸರಕಿನ ಆಧಾರದ ಮೇಲೆ ಅವನು ಪ್ರತಿವರ್ಷ ಮರುಸಂಸ್ಕರಣೆ ಮಾಡಿಸಬೇಕಾದ ಪ್ರಮಾಣವನ್ನು ಲೆಕ್ಕ ಹಾಕಲಾಗುತ್ತದೆ. 2023-24 ಮತ್ತು 2024-25ನೆಯ ಸಾಲುಗಳಿಗೆ ಇದು ಶೇಕಡ 60, ಮುಂದಿನ ಎರಡು ಸಾಲುಗಳಿಗೆ ಶೇಕಡ 70, 2027-28ರಿಂದ ಶೇಕಡ 80. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿದ ಘಟಕವು ತ್ಯಾಜ್ಯದಿಂದ ಲೋಹಗಳನ್ನು ಬೇರ್ಪಡಿಸಿದಾಗ ಅದಕ್ಕೆ ಪ್ರಮಾಣಪತ್ರ ದೊರೆಯುತ್ತದೆ. ಉತ್ಪಾದಕನು ಆ ಪತ್ರಗಳನ್ನು ಕೊಂಡು ತನ್ನ ಹೊಣೆಯು ತೀರಿತೆಂದು ತೋರಿಸಬೇಕು. ನಿಯಮವನ್ನು ಮೀರಿದವರು ಪರಿಸರಕ್ಕಾದ ಹಾನಿಗೆ ದಂಡರೂಪದ ಪರಿಹಾರವನ್ನು ತೆರಬೇಕು. ವರ್ಷವೊಂದರಲ್ಲಿ ಸಾವಿರ ಅಥವಾ ಅದಕ್ಕೂ ಹೆಚ್ಚು ಉಪಕರಣಗಳನ್ನು ಬಳಸುವ ದೊಡ್ಡ ಸಂಸ್ಥೆಗಳು ತಮ್ಮ ಇ-ತ್ಯಾಜ್ಯವನ್ನು ನೋಂದಾಯಿತರಿಗೆ ಮಾತ್ರ ಒಪ್ಪಿಸಬೇಕು.

ಕರ್ನಾಟಕವು ಈ ಕೆಲಸದಲ್ಲಿ ಮೊದಲಿಗರಲ್ಲಿ ಒಂದು. ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿ 2005ರಲ್ಲಿ, ಕಾನೂನು ಬರುವುದಕ್ಕೂ ಮುಂಚೆಯೇ, ಸರ್ಕಾರದ ಒಪ್ಪಿಗೆ ಪಡೆದ ಇ-ಪರಿಸರ ಎಂಬ ಮರುಸಂಸ್ಕರಣ ಘಟಕವು ಆರಂಭವಾಯಿತು. ಇಂತಹ ಘಟಕಗಳಲ್ಲಿ ಯಂತ್ರಗಳನ್ನು ಮೊದಲು ಕೈಯಿಂದ ಬಿಚ್ಚಿ, ಗಾಜು, ಪ್ಲಾಸ್ಟಿಕ್, ಕಬ್ಬಿಣ, ತಾಮ್ರಗಳನ್ನು ಬೇರೆಬೇರೆಯಾಗಿ ವಿಂಗಡಿಸುತ್ತಾರೆ. ಬಳಿಕ ಸರ್ಕ್ಯೂಟ್ ಹಲಗೆಗಳನ್ನು ಪುಡಿಮಾಡಿ ಲೋಹಗಳನ್ನು ಬೇರ್ಪಡಿಸುತ್ತಾರೆ. ಹೊಗೆಯಾಗಲಿ, ದೂಳಾಗಲಿ, ಆಮ್ಲವಾಗಲಿ ಹೊರಗೆ ಹೋಗದಂತೆ ಕಾಯುವುದು ಅಲ್ಲಿನ ಮುಖ್ಯವಾದ ಕರ್ತವ್ಯ.

ತ್ಯಾಜ್ಯವೆಂಬ ಹೆಸರಿದ್ದರೂ ಇದು ಬರಿಯ ಕಸವಲ್ಲ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳಲ್ಲಿ ಕಾರ್ಮಿಕರು ಕೆಲವೇ ಗ್ರಾಂ ಚಿನ್ನಕ್ಕಾಗಿ ಟನ್ನುಗಟ್ಟಲೆ ಕಲ್ಲನ್ನು ಪಾತಾಳದಿಂದ ಮೇಲೆತ್ತುತ್ತಿದ್ದರು. ಒಂದು ಟನ್ ಅದಿರಿನಲ್ಲಿ ಇರುವುದಕ್ಕಿಂತ ಅನೇಕ ಪಟ್ಟು ಹೆಚ್ಚು ಚಿನ್ನವು ಒಂದು ಟನ್ ಹಳೆಯ ಮೊಬೈಲ್‌ಗಳಲ್ಲಿದೆ. ಟೋಕಿಯೋ ಒಲಿಂಪಿಕ್ ಕ್ರೀಡೆಗಳಿಗಾಗಿ ಜಪಾನಿನ ಜನರು 2017ರಿಂದ 2019ರವರೆಗೆ ತಮ್ಮ ಹಳೆಯ ಉಪಕರಣಗಳನ್ನು ಒಪ್ಪಿಸಿದರು. ಅವುಗಳಿಂದ ದೊರೆತ 32 ಕಿಲೋಗ್ರಾಂ ಚಿನ್ನ ಹಾಗೂ 3,500 ಕಿಲೋಗ್ರಾಂ ಬೆಳ್ಳಿಯು 2021ರಲ್ಲಿ ನಡೆದ ಆ ಕ್ರೀಡೆಗಳ ಪದಕಗಳಿಗೆ ಒದಗಿತು.

ಆದರೆ ಕಾನೂನು ಎಷ್ಟೇ ಬಿಗಿಯಾಗಿದ್ದರೂ ಅದು ಮನೆಯ ಅಟ್ಟವನ್ನು ಹತ್ತಲಾರದು. ಸಾಗರದ ಮನೆಯಿಂದ ದಾಬಸ್‌ಪೇಟೆಯ ಘಟಕವು ಮುನ್ನೂರು ಕಿಲೋಮೀಟರು ದೂರವಿರಬಹುದು. ಬಾಗಿಲಿಗೆ ಬರುವ ಗುಜರಿಯವನು ಕೂಗಳತೆಯಲ್ಲಿದ್ದಾನೆ. ಅವನು ತೂಗಿ, ಕೈಗೆ ನಾಲ್ಕು ಕಾಸು ಕೊಡುತ್ತಾನೆ. ಅವನೂ ದುಡಿದು ಉಣ್ಣುವವನೇ. ಅವನ ಶ್ರಮವಿಲ್ಲದಿದ್ದರೆ ಊರಿನ ಎಷ್ಟೋ ಕಬ್ಬಿಣ, ಕಾಗದಗಳು ತಿಪ್ಪೆಯ ಪಾಲಾಗುತ್ತಿದ್ದವು. ಆದರೆ ಅವನಿಂದ ಮುಂದೆ ಆ ವಸ್ತುವು ಬೆಂಕಿಗೋ ಆಮ್ಲಕ್ಕೋ ಬಿದ್ದರೆ, ಮೊದಲು ಕೆಮ್ಮುವವರು ಅಲ್ಲಿ ದುಡಿಯುವವರು, ಮತ್ತು ಅವರ ಮಕ್ಕಳು. ಮನೆಯವರಿಗೆ ದೊರೆತ ಆ ನಾಲ್ಕು ಕಾಸಿನ ನಿಜವಾದ ಬೆಲೆಯನ್ನು ಅವರು ತೆರುತ್ತಾರೆ.

ಆದುದರಿಂದ ನಿಯಮಪಾಲನೆಯ ಮೊದಲ ಹೆಜ್ಜೆಯು ಬಳಕೆದಾರನದೇ. ರಿಪೇರಿಯಾಗುವ ವಸ್ತುವನ್ನು ರಿಪೇರಿ ಮಾಡಿಸಿ ಬಳಸುವುದು ಎಲ್ಲಕ್ಕಿಂತ ಮೇಲು. ಕೆಟ್ಟುದನ್ನು ಒಡೆಯಬಾರದು, ಸುಡಬಾರದು, ಮನೆಯ ಇತರ ಕಸದೊಡನೆ ಬೆರೆಸಬಾರದು. ಕೊಳವೆ ದೀಪ ಮತ್ತು ಬ್ಯಾಟರಿಗಳನ್ನು ಪ್ರತ್ಯೇಕವಾಗಿಡಬೇಕು. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಹಿಂದಕ್ಕೆ ಪಡೆಯುವ ವ್ಯವಸ್ಥೆಯುಂಟೇ ಎಂದು ಅಂಗಡಿಯಲ್ಲಿ ಕೇಳಬೇಕು. ಶಾಲೆಯ ಹಳೆಯ ಗಣಕಯಂತ್ರಗಳನ್ನು ವಿಲೇವಾರಿ ಮಾಡುವಾಗ ಕೊಳ್ಳುವವನ ನೋಂದಣಿಯನ್ನು ಪರಿಶೀಲಿಸಿ, ಒಪ್ಪಿಸಿದುದಕ್ಕೆ ರಸೀದಿಯನ್ನು ಪಡೆದು ಕಡತದಲ್ಲಿಡಬೇಕು. ಒಂದು ಮನೆಯ ಒಂದೆರಡು ಉಪಕರಣಗಳಿಗಾಗಿ ದೂರದ ಘಟಕದ ವಾಹನವು ಬರಲಾರದು. ಒಂದು ಬೀದಿಯವರು ಅಥವಾ ಒಂದು ಶಾಲೆಯವರು ಒಂದುಗೂಡಿ ಸಂಗ್ರಹಿಸಿದರೆ ಬರಬಹುದು.

ಹಿಂದಿನವರು ತಮ್ಮ ಹಳೆಯ ಹಂಡೆಯು ಯಾವ ಕುಲುಮೆಗೆ ಹೋಗುತ್ತದೆಂಬುದನ್ನು ಬಲ್ಲವರಾಗಿದ್ದರು. ತನ್ನ ಹಳೆಯ ಯಂತ್ರವು ಯಾರ ಕೈಯನ್ನು ಸೇರುತ್ತದೆಂಬುದನ್ನು ಇಂದಿನವನೂ ತಿಳಿದಿರಬೇಕೆಂಬುದೇ ಈ ನಿಯಮಗಳ ಆಶಯ.