ಸಂಕ್ರಾಂತಿಗೆ ಮೊದಲೇ ತಿರುಗುವ ಸೂರ್ಯ

ಜನವರಿ ಎರಡನೇ ವಾರ ಬಂತೆಂದರೆ ಕಬ್ಬಿನ ಜಲ್ಲೆ, ಅವರೆಕಾಯಿ, ಗೆಣಸು, ಕಡಲೆಕಾಯಿಗಳ ರಾಶಿ ಬೀದಿಗೆ ಬರುತ್ತದೆ. ಯಲಹಂಕ ದಾಟಿ ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣದತ್ತ ಸಾಗುವಾಗ ಸಿಗುವ ಹುಣಸಮಾರನಹಳ್ಳಿಯಂಥ ಊರುಗಳಲ್ಲಿ ಈಗ ಹೊಲಗಳಿಗಿಂತ ಬಡಾವಣೆಗಳೇ ಹೆಚ್ಚು. ಆದರೂ ಸಂಕ್ರಾಂತಿ ಸಂಕ್ರಾಂತಿಯೇ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಅಂದಿನ ಚೌಕದೊಳಗೆ ‘ಉತ್ತರಾಯಣ ಪುಣ್ಯಕಾಲ’ ಎಂದು ಅಚ್ಚಾಗಿರುತ್ತದೆ. ಸೂರ್ಯದೇವ ದಕ್ಷಿಣದ ಪಯಣ ಮುಗಿಸಿ ಉತ್ತರಕ್ಕೆ ಮುಖ ಮಾಡುವ ದಿನ ಅದು ಎಂಬುದು ತಲೆತಲಾಂತರದ ನಂಬಿಕೆ.

ಆದರೆ ಮಕ್ಕಳ ಭೂಗೋಳದ ಪುಸ್ತಕ ಬೇರೆಯದನ್ನೇ ಹೇಳುತ್ತದೆ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ಅಂದೇ ಉತ್ತರಾರ್ಧ ಗೋಳದಲ್ಲಿ ವರ್ಷದ ಅತಿ ಸಣ್ಣ ಹಗಲು. ಯುರೋಪ್, ಅಮೆರಿಕಗಳಲ್ಲಿ ಕ್ರೈಸ್ತಪೂರ್ವ ಆಚರಣೆಗಳನ್ನು ಮತ್ತೆ ಕೈಗೆತ್ತಿಕೊಂಡಿರುವ ‘ಪೇಗನ್’ ಎಂಬ ಪಂಥದವರು ಅದೇ ದಿನ ‘ಯೂಲ್’ ಎಂಬ ಹಬ್ಬ ಮಾಡುತ್ತಾರೆ. ಬೆಂಕಿ ಹೊತ್ತಿಸುತ್ತಾರೆ, ಹಸಿರು ಸೊಪ್ಪು ಕಟ್ಟುತ್ತಾರೆ, ಮರಳಿ ಬರುವ ಸೂರ್ಯನನ್ನು ಸ್ವಾಗತಿಸುತ್ತಾರೆ. ಹಾಗಾದರೆ ಮೂರು ವಾರ ತಡವಾಗಿ ಸೂರ್ಯನಿಗೆ ಎಳ್ಳುಬೆಲ್ಲ ಬೀರುವ ನಮ್ಮ ಲೆಕ್ಕ ತಪ್ಪಿದೆಯೇ? ಪ್ರತಿ ವರ್ಷ ಯಾರಾದರೊಬ್ಬರು ಎತ್ತುವ ಪ್ರಶ್ನೆ ಇದು. ಉತ್ತರ ಸರಳವಾಗಿಲ್ಲ, ಆದರೆ ಸ್ವಾರಸ್ಯವಾಗಿದೆ.

ನೆರಳಿನ ಸಾಕ್ಷಿ

ಮೊದಲು ಸೂರ್ಯನನ್ನೇ ಕೇಳೋಣ. ಅದಕ್ಕೆ ದೂರದರ್ಶಕ ಬೇಕಿಲ್ಲ, ಒಂದು ಮೀಟರ್ ಉದ್ದದ ಕೋಲು ಸಾಕು. ಡಿಸೆಂಬರ್ 21ರಂದು ಬೆಂಗಳೂರಿನಲ್ಲಿ ನಿಜವಾದ ನಡುಹಗಲು ಬೀಳುವುದು ಸುಮಾರು 12 ಗಂಟೆ 18 ನಿಮಿಷಕ್ಕೆ. ಆಗ ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಉತ್ತರಕ್ಕೆ ಸುಮಾರು 74 ಸೆಂಟಿಮೀಟರ್ ಚಾಚಿಕೊಳ್ಳುತ್ತದೆ. ಇಡೀ ವರ್ಷದಲ್ಲಿ ನಡುಹಗಲಿನ ನೆರಳು ಅಷ್ಟು ಉದ್ದವಾಗುವುದು ಅಂದೇ. ಸಂಕ್ರಾಂತಿಯ ದಿನ ಅದೇ ಕೋಲನ್ನು ಅದೇ ಜಾಗದಲ್ಲಿ ನಿಲ್ಲಿಸಿ ನೋಡಿದರೆ ನೆರಳು ಸುಮಾರು 68 ಸೆಂಟಿಮೀಟರಿಗೆ ಇಳಿದಿರುತ್ತದೆ. ಅಂದರೆ ಹಬ್ಬ ಬರುವಷ್ಟರಲ್ಲಿ ಸೂರ್ಯ ಉತ್ತರದ ದಾರಿ ಹಿಡಿದು ಮೂರು ವಾರ ಕಳೆದಿರುತ್ತದೆ.

ಇದು ನಮ್ಮ ಕಣ್ಣಿಗೆ ಬೀಳದಿರಲು ಕಾರಣವಿದೆ. ನಾವು ಭೂಮಧ್ಯರೇಖೆಗೆ ಹತ್ತಿರದವರು. ಬೆಂಗಳೂರಿನ ಅತಿ ಸಣ್ಣ ಹಗಲು ಸುಮಾರು 11 ಗಂಟೆ 20 ನಿಮಿಷ, ಅತಿ ದೀರ್ಘ ಹಗಲು ಸುಮಾರು 12 ಗಂಟೆ 50 ನಿಮಿಷ. ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ. ಲಂಡನ್ನಿನಲ್ಲಿ ಡಿಸೆಂಬರಿನ ಹಗಲು ಎಂಟು ಗಂಟೆಗೂ ಕಡಿಮೆ. ಐಸ್‌ಲೆಂಡಿನ ರೇಕ್ಯಾವಿಕ್‌ನಲ್ಲಿ ಸುಮಾರು ನಾಲ್ಕೇ ಗಂಟೆ. ಅಲ್ಲಿನವರಿಗೆ ಸೂರ್ಯ ಮರಳುವುದು ಬದುಕಿನ ಪ್ರಶ್ನೆ.

ಇನ್ನೂ ಒಂದು ವಿಚಿತ್ರವಿದೆ. ನಮ್ಮಲ್ಲಿ ಸೂರ್ಯ ಅತಿ ಬೇಗ ಮುಳುಗುವುದು ನವೆಂಬರಿನ ಮೂರನೇ ವಾರದ ಹೊತ್ತಿಗೆ, ಅತಿ ತಡವಾಗಿ ಹುಟ್ಟುವುದು ಜನವರಿಯ ಕೊನೆಯಲ್ಲಿ. ಹೀಗಾಗಿ ಹಗಲು ಬೆಳೆಯುತ್ತಿದ್ದರೂ ಬೆಳಗಿನ ಜಾವದ ಕತ್ತಲೆ ಸಂಕ್ರಾಂತಿಯಾದ ಮೇಲೂ ಬಿಡುವುದಿಲ್ಲ. ಶಿವರಾತ್ರಿಗೆ ಚಳಿ ‘ಶಿವಶಿವಾ’ ಎಂದು ಓಡುತ್ತದೆ ಎಂಬ ಹಳ್ಳಿಯ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಮೂರು ವಾರಗಳ ಅಂತರ

ಹಾಗಾದರೆ ನಮ್ಮ ಹಿರಿಯರು ಆಕಾಶ ನೋಡದೆ ಲೆಕ್ಕ ಹಾಕಿದರೇ? ಖಂಡಿತ ಇಲ್ಲ. ಮಕರ ಸಂಕ್ರಾಂತಿ ಎಂದರೆ ಸೂರ್ಯ ಮಕರ ರಾಶಿಯನ್ನು ಪ್ರವೇಶಿಸುವ ಗಳಿಗೆ. ಅದನ್ನು ಅಳೆಯುವುದು ನಕ್ಷತ್ರಗಳ ಹಿನ್ನೆಲೆಯಲ್ಲಿ. ಉತ್ತರಾಯಣವಾದರೋ ಭೂಮಿಯ ಅಕ್ಷದ ವಾಲುವಿಕೆಗೆ ಸಂಬಂಧಿಸಿದ್ದು. ಇವು ಎರಡು ಬೇರೆ ಬೇರೆ ಘಟನೆಗಳು. ಒಂದು ಕಾಲದಲ್ಲಿ ಇವು ಒಂದೇ ದಿನ ಕೂಡಿಬಂದಿದ್ದವು ಅಷ್ಟೆ.

ವೇದಾಂಗ ಜ್ಯೋತಿಷದ ಕಾಲದಲ್ಲಿ ಸೂರ್ಯ ಉತ್ತರಕ್ಕೆ ತಿರುಗುತ್ತಿದ್ದುದು ಧನಿಷ್ಠಾ ನಕ್ಷತ್ರದ ಆರಂಭದಲ್ಲಿ. ಆರನೇ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಈ ಹಳೆಯ ಸಂಗತಿಯನ್ನು ನೆನೆದು, ತನ್ನ ಕಾಲದಲ್ಲಿ ಅದು ಮಕರದ ಆರಂಭದಲ್ಲಿ ಆಗುತ್ತಿದೆ ಎಂದು ದಾಖಲಿಸಿದ. ಇಂದು ಅದು ಇನ್ನೂ ಹಿಂದೆ ಸರಿದಿದೆ. ಡಿಸೆಂಬರ್ 21ರಂದು ಸೂರ್ಯ ಇರುವುದು ಧನು ರಾಶಿಯ ಮೂಲಾ ನಕ್ಷತ್ರದಲ್ಲಿ.

ಇದಕ್ಕೆ ಕಾರಣ ಭೂಮಿಯ ಓಲಾಟ. ವೇಗ ತಗ್ಗಿದ ಬುಗುರಿಯ ತಲೆ ನಿಧಾನವಾಗಿ ಸುತ್ತು ಹಾಕುವಂತೆ ಭೂಮಿಯ ಅಕ್ಷವೂ ಸುತ್ತು ಹಾಕುತ್ತದೆ. ಒಂದು ಸುತ್ತಿಗೆ ಸುಮಾರು 25,800 ವರ್ಷ. ಅಂದರೆ 72 ವರ್ಷಕ್ಕೆ ಒಂದು ಡಿಗ್ರಿ. ಪಂಚಾಂಗದವರು ‘ಅಯನಾಂಶ’ ಎನ್ನುವುದು ಹೀಗೆ ಕೂಡಿಕೊಂಡ ಅಂತರವನ್ನೇ. ಅದೀಗ 24 ಡಿಗ್ರಿ ದಾಟಿದೆ.

ಹೀಗಾಗಿ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಸಂಕ್ರಾಂತಿ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಮುಂದಕ್ಕೆ ಜಾರುತ್ತಿದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12ರಂದು. ಅಂದು ಮಕರ ಸಂಕ್ರಾಂತಿಯಾಗಿತ್ತು. ಈಗ ಹಬ್ಬ ಜನವರಿ 14ಕ್ಕೋ 15ಕ್ಕೋ ಬರುತ್ತದೆ. ಇದೇ ಲೆಕ್ಕ ಮುಂದುವರಿದರೆ ಇನ್ನು ಎರಡು ಸಾವಿರ ವರ್ಷಗಳಲ್ಲಿ ಸಂಕ್ರಾಂತಿ ಫೆಬ್ರುವರಿಯ ನಡುವಿಗೆ ಹೋಗಿರುತ್ತದೆ.

ಇದನ್ನು ಸರಿಪಡಿಸುವ ಯತ್ನ ನಡೆಯದೇ ಇಲ್ಲ. ವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ 1952ರಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿ 1955ರಲ್ಲಿ ವರದಿ ನೀಡಿತು. ಅದರಂತೆ 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಅದರಲ್ಲಿ ಪುಷ್ಯ ಮಾಸದ ಮೊದಲ ದಿನ ಡಿಸೆಂಬರ್ 22. ಅಂದರೆ ಸೂರ್ಯ ನಿಜವಾಗಿ ತಿರುಗುವ ಹೊತ್ತಿಗೇ ಸರ್ಕಾರಿ ಪಂಚಾಂಗದ ಹೊಸ ತಿಂಗಳು ಹುಟ್ಟುತ್ತದೆ. ಆದರೆ ಜನ ಮಾತ್ರ ಹಬ್ಬಕ್ಕೆ ಹಳೆಯ ಪಂಚಾಂಗವನ್ನೇ ನೆಚ್ಚಿಕೊಂಡರು.

ಗವಿಪುರದ ಬೆಳಕು

ಈ ಇಡೀ ವಿಚಾರವನ್ನು ಕಲ್ಲಿನಲ್ಲಿ ನೋಡಬೇಕೆಂದರೆ ಬೆಂಗಳೂರಿನ ಗವಿಪುರಕ್ಕೆ ಹೋಗಬೇಕು. ಬೆಂಗಳೂರು ಕಟ್ಟಿದ ಯಲಹಂಕ ನಾಡಪ್ರಭು ಕೆಂಪೇಗೌಡರು 16ನೇ ಶತಮಾನದಲ್ಲಿ ಇಲ್ಲಿನ ಗವಿ ಗಂಗಾಧರೇಶ್ವರ ದೇವಾಲಯವನ್ನು ಅಭಿವೃದ್ಧಿಪಡಿಸಿದರೆಂಬುದು ಪ್ರತೀತಿ. ಅಂಗಳದಲ್ಲಿ ಸೂರ್ಯಪಾನ, ಚಂದ್ರಪಾನ ಎಂಬ ಎರಡು ದೊಡ್ಡ ಕಲ್ಲಿನ ಫಲಕಗಳಿವೆ. ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ಕಿಟಕಿಯೊಂದರ ಮೂಲಕ ಹಾದು, ನಂದಿಯ ಕೊಂಬುಗಳ ನಡುವಿನಿಂದ ಗವಿಯೊಳಗಿನ ಲಿಂಗವನ್ನು ಮುಟ್ಟುತ್ತದೆ. ಆ ಕೆಲವು ನಿಮಿಷಗಳಿಗಾಗಿ ಸಾವಿರಾರು ಜನ ನೆರೆಯುತ್ತಾರೆ.

ನೆಹರೂ ತಾರಾಲಯದ ಬಿ.ಎಸ್. ಶೈಲಜಾ ಮತ್ತು ಸಂಗಡಿಗರು ಈ ದೇವಾಲಯವನ್ನು ಅಳೆದು ನೋಡಿ 2008ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಅವರ ಪ್ರಕಾರ ಲಿಂಗದ ಮೇಲೆ ಬಿಸಿಲು ಬೀಳುವುದು ವರ್ಷಕ್ಕೆ ಎರಡು ಅವಧಿಯಲ್ಲಿ. ಜನವರಿ 13ರಿಂದ 16ರವರೆಗೆ ಒಮ್ಮೆ, ನವೆಂಬರ್ 26ರಿಂದ ಡಿಸೆಂಬರ್ 2ರವರೆಗೆ ಇನ್ನೊಮ್ಮೆ. ಎರಡನೆಯದಕ್ಕೆ ಜನಜಂಗುಳಿ ಇಲ್ಲ, ಏಕೆಂದರೆ ಕ್ಯಾಲೆಂಡರಿನಲ್ಲಿ ಅಂದು ಯಾವ ಹಬ್ಬವೂ ಇಲ್ಲ.

ಎರಡು ಸಲ ಏಕೆ ಎಂಬುದು ಸುಲಭವಾಗಿ ತಿಳಿಯುತ್ತದೆ. ದಕ್ಷಿಣಕ್ಕೆ ಹೋಗುವಾಗ ಸೂರ್ಯ ಒಮ್ಮೆ ಆ ಕಿಟಕಿಯ ನೇರಕ್ಕೆ ಬರುತ್ತಾನೆ. ಮುಂದೆ ಹೋಗಿ, ತಿರುಗಿ, ಬಂದ ದಾರಿಯಲ್ಲೇ ಮರಳುವಾಗ ಮತ್ತೆ ಅದೇ ನೇರಕ್ಕೆ ಬರುತ್ತಾನೆ. ನವೆಂಬರ್ 29 ಮತ್ತು ಜನವರಿ 14ರ ನಡುವೆ 46 ದಿನ. ಅರ್ಧಕ್ಕೆ ಎಣಿಸಿದರೆ ಸಿಗುವುದು ಡಿಸೆಂಬರ್ 22. ದೇವಾಲಯದ ಬೆಳಕೇ ತಿರುವಿನ ದಿನವನ್ನು ಬೊಟ್ಟು ಮಾಡಿ ತೋರಿಸುತ್ತಿದೆ!

ಇನ್ನೂ ಕುತೂಹಲದ ಸಂಗತಿಯೆಂದರೆ, ಇಂಗ್ಲಿಷ್ ಚಿತ್ರಕಾರ ಥಾಮಸ್ ಡೇನಿಯಲ್ 1792ರಲ್ಲಿ ಬರೆದ ಚಿತ್ರಗಳಲ್ಲಿ ಇಲ್ಲಿ ಈಗಿನಷ್ಟು ಕಟ್ಟಡಗಳಿಲ್ಲ. ಆ ಚಿತ್ರಗಳನ್ನು ಹೋಲಿಸಿದ ಸಂಶೋಧಕರು, ಹಿಂದೆ ಬಿಸಿಲು ಬೇಸಿಗೆ ಮತ್ತು ಚಳಿಗಾಲದ ಅಯನದ ದಿನಗಳಲ್ಲಿ ಗವಿಯನ್ನು ಬೆಳಗುತ್ತಿತ್ತು ಎಂಬ ತೀರ್ಮಾನಕ್ಕೆ ಬಂದಿದ್ದಾರೆ. ಅನಂತರ ಎದ್ದ ಗೋಡೆಗಳು ಬೆಳಕಿನ ದಿನವನ್ನು ಬದಲಿಸಿದವು.

ಇಂಥ ಕಟ್ಟಡ ನಮ್ಮಲ್ಲಷ್ಟೇ ಇಲ್ಲ. ಐರ್ಲೆಂಡಿನ ನ್ಯೂಗ್ರೇಂಜ್‌ನಲ್ಲಿ ಐದು ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಗೋರಿಯಿದೆ. ಡಿಸೆಂಬರ್ 21ರ ಆಸುಪಾಸಿನಲ್ಲಿ ಹುಟ್ಟುವ ಸೂರ್ಯನ ಕಿರಣ ಬಾಗಿಲ ಮೇಲಿನ ಕಿಂಡಿಯಿಂದ ನುಗ್ಗಿ, ಉದ್ದನೆಯ ಓಣಿ ದಾಟಿ ಒಳಕೋಣೆಯನ್ನು ಸುಮಾರು 17 ನಿಮಿಷ ಬೆಳಗುತ್ತದೆ. ಪುರಾತತ್ವಜ್ಞ ಮೈಕೆಲ್ ಒ’ಕೆಲಿ 1967ರಲ್ಲಿ ಇದನ್ನು ಒಳಗೆ ನಿಂತು ಕಣ್ಣಾರೆ ಕಂಡರು.

ಯೂಲ್ ಎಷ್ಟು ಹಳೆಯದು?

ಪೇಗನ್ ಎಂಬ ಮಾತಿನ ಮೂಲ ಲ್ಯಾಟಿನ್ನಿನ ‘ಪಾಗಾನುಸ್’. ಅದರ ಅರ್ಥ ಹಳ್ಳಿಗ. ಪಟ್ಟಣಗಳು ಕ್ರೈಸ್ತವಾದ ಮೇಲೂ ಹಳೆಯ ದೇವರುಗಳನ್ನು ಬಿಡದವರಿಗೆ ಈ ಹೆಸರು ಅಂಟಿತು. ಇಂದಿನ ಪೇಗನ್ನರು ವರ್ಷಕ್ಕೆ ಎಂಟು ಹಬ್ಬಗಳ ಒಂದು ‘ವರ್ಷಚಕ್ರ’ವನ್ನು ಆಚರಿಸುತ್ತಾರೆ, ಯೂಲ್ ಅದರಲ್ಲೊಂದು. ಎಂಟೂ ಹಬ್ಬಗಳನ್ನು ಒಂದೇ ಚಕ್ರವಾಗಿ ಹೊಂದಿಸಿದ್ದು ಮಾತ್ರ ಪುರಾತನವಲ್ಲ. ಅದು 1950ರ ದಶಕದ ಇಂಗ್ಲೆಂಡಿನಲ್ಲಿ, ಜೆರಾಲ್ಡ್ ಗಾರ್ಡ್ನರ್, ರಾಸ್ ನಿಕೊಲ್ಸ್ ಮೊದಲಾದವರ ಬಳಗಗಳಲ್ಲಿ ರೂಪುಗೊಂಡಿತು. ಐಸ್‌ಲೆಂಡಿನಲ್ಲಿ ಹಳೆಯ ನಾರ್ಸ್ ದೇವತೆಗಳ ಆರಾಧಕರ ಸಂಘಕ್ಕೆ 1973ರಲ್ಲಿ ಸರ್ಕಾರದ ಮಾನ್ಯತೆಯೂ ದೊರೆಯಿತು.

ಹಾಗೆಂದು ಯೂಲ್ ಎಂಬ ಹಬ್ಬವೇ ಕಟ್ಟುಕಥೆಯಲ್ಲ. ನಾರ್ವೆಯ ರಾಜರ ಚರಿತ್ರೆ ಬರೆದ 13ನೇ ಶತಮಾನದ ಸ್ನೋರಿ, ಹತ್ತನೇ ಶತಮಾನದ ರಾಜ ಹಾಕೋನ್ ಯೂಲ್ ಹಬ್ಬವನ್ನು ಕ್ರಿಸ್‌ಮಸ್ ದಿನಕ್ಕೆ ಬದಲಿಸಿದನೆಂದು ಹೇಳುತ್ತಾನೆ. ಮೊದಲು ಅದು ‘ನಡುಚಳಿಗಾಲದ ರಾತ್ರಿ’ಯಂದು ಆರಂಭವಾಗಿ ಮೂರು ರಾತ್ರಿ ನಡೆಯುತ್ತಿತ್ತಂತೆ. ಆ ರಾತ್ರಿ ಬರುತ್ತಿದ್ದುದು ಜನವರಿಯ ನಡುಭಾಗದಲ್ಲಿ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಅಂದರೆ ಹೆಚ್ಚುಕಡಿಮೆ ನಮ್ಮ ಸಂಕ್ರಾಂತಿಯ ಹೊತ್ತಿಗೆ! ಅವರ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ಸಂಬಂಧವಿಲ್ಲ. ಆದರೆ ಹಬ್ಬದ ದಿನವೂ ಸೂರ್ಯ ತಿರುಗುವ ದಿನವೂ ಒಂದೇ ಆಗಿರಲೇಬೇಕೆಂಬ ಹಟ ಅಲ್ಲೂ ಹೊಸದು ಎಂಬುದು ಗಮನಾರ್ಹ.

ಕಿಚ್ಚು ಹಾಯುವ ಸಂಜೆ

ಯೂಲ್ ಹಬ್ಬದಲ್ಲಿ ದೊಡ್ಡ ಕೊರಡನ್ನು ಒಲೆಗಿಟ್ಟು ಉರಿಸುವುದು ಯುರೋಪಿನ ರೂಢಿ. ನಮ್ಮಲ್ಲಿ ಅದಕ್ಕೆ ಸಾಟಿ ಕಿಚ್ಚು. ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಸಂಕ್ರಾಂತಿಯ ದಿನ ದನಗಳಿಗೆ ಮೈ ತೊಳೆದು, ಕೊಂಬು ಸವರಿ ಬಣ್ಣ ಬಳಿದು, ಗೆಜ್ಜೆ, ಹೂಹಾರ ಕಟ್ಟುತ್ತಾರೆ. ದೇವನಹಳ್ಳಿ, ವಿಜಯಪುರದ ಕಡೆ ಊರ ಹೊರಗೆ ದನಗಳ ದೈವ ಕಾಟುಮರಾಯನ ಪೂಜೆಯೂ ಉಂಟು. ಹೊತ್ತು ಮುಳುಗುವಾಗ ದಾರಿಗೆ ಅಡ್ಡಲಾಗಿ ಒಣಹುಲ್ಲು ಹರಡಿ ಬೆಂಕಿ ಹಚ್ಚಿ, ದನಗಳನ್ನು ಅದರ ಮೇಲೆ ಹಾಯಿಸುತ್ತಾರೆ. ಮೈಯ ಉಣ್ಣೆ ಉದುರುತ್ತದೆ, ಪೀಡೆ ಕಳೆಯುತ್ತದೆ ಎಂಬುದು ರೈತರು ಕೊಡುವ ಕಾರಣ.

ಇಲ್ಲಿ ಸೂರ್ಯನ ಡಿಗ್ರಿಗಳ ಲೆಕ್ಕವಿಲ್ಲ. ರಾಗಿ ಕೊಯ್ಲಾಗಿ ಕಣ ತುಂಬಿದೆ, ಅವರೆ ಕಾಯಿ ಕಟ್ಟಿದೆ, ಎತ್ತುಗಳಿಗೆ ಬಿಡುವಿದೆ. ಡಿಸೆಂಬರ್ 21ರ ಹೊತ್ತಿಗೆ ರೈತನಿಗೆ ಈ ಬಿಡುವಿರುವುದಿಲ್ಲ. ಸಂಕ್ರಾಂತಿ ಆಕಾಶದ ಹಬ್ಬವಾಗಿರುವಷ್ಟೇ ಕಣದ ಹಬ್ಬವೂ ಹೌದು.

ಆದ್ದರಿಂದ ದಿನಾಂಕದ ಜಗಳಕ್ಕೆ ಉತ್ತರ ಹೀಗೆ ಹೇಳಬಹುದು. ಸೂರ್ಯ ತಿರುಗುವುದು ಡಿಸೆಂಬರಿನಲ್ಲಿ, ಸುಗ್ಗಿ ಮುಗಿಯುವುದು ಜನವರಿಯಲ್ಲಿ. ಎರಡನ್ನೂ ಒಂದೇ ದಿನಕ್ಕೆ ಕಟ್ಟಬೇಕಾದ ಅಗತ್ಯವಿಲ್ಲ. ನಿಜವಾದ ಆತಂಕ ಬೇರೆಯೇ ಇದೆ. ಬೆಂಗಳೂರಿನ ಉತ್ತರಕ್ಕೆ ಹೊಲಗಳು ನಿವೇಶನಗಳಾದಂತೆ ಕಣವೂ ಇಲ್ಲ, ಕೊಟ್ಟಿಗೆಯೂ ಇಲ್ಲ. ಕಿಚ್ಚು ಹಾಯಿಸಲು ಊರಿಗೆ ನಾಲ್ಕು ಜೊತೆ ಎತ್ತು ಹುಡುಕಬೇಕಾದೀತು. ಪಂಚಾಂಗ 72 ವರ್ಷಕ್ಕೆ ಒಂದು ದಿನದಷ್ಟು ಜಾರುತ್ತದೆ, ಊರು ಅದಕ್ಕಿಂತ ಬಹು ಬೇಗ ಜಾರಿತು. ಹಳೆಯ ಹಬ್ಬದ ನೆಲ ಕಳೆದುಕೊಂಡ ಯುರೋಪಿನವರು ಪುಸ್ತಕ ನೋಡಿ ಯೂಲ್ ಹಬ್ಬವನ್ನು ಮತ್ತೆ ಕಟ್ಟಿಕೊಳ್ಳಬೇಕಾಯಿತು. ನಮ್ಮಲ್ಲಿ ಕಿಚ್ಚು ಹಾಯಿಸುವುದನ್ನು ಬಲ್ಲವರು ಇನ್ನೂ ಇದ್ದಾರೆ. ಡಿಸೆಂಬರ್ 21ರಂದು ಮಕ್ಕಳ ಕೈಗೆ ಅಳತೆಕೋಲು ಕೊಟ್ಟು ನೆರಳು ಅಳೆಯಲು ಹೇಳಿ, ಸಂಕ್ರಾಂತಿಯ ಸಂಜೆ ಅವರನ್ನು ಕಿಚ್ಚಿನ ಬಳಿಗೆ ಕರೆದೊಯ್ದರೆ ಎರಡು ತಿಳಿವಳಿಕೆಯೂ ಉಳಿದೀತು.